ಜಿಪಿಎಸ್‌ನಿಂದ ತೆಗೆದ 10 ಮೆಗಾಹರ್ಟ್ಸ್: 144ರಲ್ಲಿ ಟೋನ್ ಕರಕರ

ಹೊಸತಂತಿ: ಮೂರು ದಿನದಿಂದ ತಲೆ ಕೆಟ್ಟಿದೆ. ಜಿಪಿಎಸ್ ಮಾಡ್ಯೂಲ್‌ನ 10 ಮೆಗಾಹರ್ಟ್ಸ್ ಅನ್ನು ಆಧಾರವಾಗಿ ನೇರ ಎಸ್‌ಐ5351ಗೆ (ಬೇಕಾದ ಆವರ್ತನ ಹುಟ್ಟಿಸುವ ಚಿಪ್) ಕೊಟ್ಟಿದ್ದೇನೆ. ಆವರ್ತನ ಎಣಿಸುವ ಕೌಂಟರ್‌ನಲ್ಲಿ ಕರಾರುವಾಕ್ಕು, ರೇಡಿಯೋದಲ್ಲಿ 144 ಮೆಗಾಹರ್ಟ್ಸ್‌ಗೆ ಟೋನ್ ಕೇಳಿದರೆ ಗರಗಸ ಎಳೆದ ಹಾಗೆ. ಸಪ್ಲೈ ಬದಲಿಸಿಯೂ ನೋಡಿದೆ.

ಆಂಟೆನಾಪ್ರಿಯ: ಆಂಟೆನಾ ಮನೆಯೊಳಗಿದೆಯಾ?

ಹೊಸತಂತಿ: ತಾರಸಿ ಮೇಲಿದೆ. 11 ಉಪಗ್ರಹ, ಸಿಗ್ನಲ್ ಎಲ್ಲ 40ರ ಮೇಲೆ, ಗಟ್ಟಿಯಾಗೇ ಇದೆ.

ಆಂಟೆನಾಪ್ರಿಯ: ಆದರೂ ಕೇಬಲ್ ನೋಡಿ. ಕನೆಕ್ಟರ್ ಹತ್ತಿರ 3.3 ವೋಲ್ಟ್ ಬರ್ತಿದೆಯಾ ಅಳೆಯಿರಿ.

ಬೆಸುಗೆಕಡ್ಡಿ: ಆಂಟೆನಾ ಬಿಡಿ ಸ್ವಾಮಿ. ಮಾಡ್ಯೂಲ್ ಯಾವುದು?

ಹೊಸತಂತಿ: ನಿಯೋ-7ಎಂ. ಮತ್ತಿನ್ಯಾವುದು ಇರುತ್ತೆ!

ಬೆಸುಗೆಕಡ್ಡಿ: 6ಎಂ ಇರುತ್ತೆ, ಅದರ ಔಟ್‌ಪುಟ್ 1 ಕಿಲೋಹರ್ಟ್ಸ್ ದಾಟಲ್ಲ. ನಿಮ್ಮದರ ಒಳಗಿನ ಗಡಿಯಾರ 48 ಮೆಗಾಹರ್ಟ್ಸ್. 48ನ್ನು 10ರಿಂದ ಭಾಗಿಸಿದರೆ 4.8. ಅರ್ಧಂಬರ್ಧ ಟಿಕ್ (ಗಡಿಯಾರದ ಬಡಿತ) ಕೊಡೋಕೆ ಅದಕ್ಕೆ ಬರಲ್ಲ, ಹಾಗಾಗಿ ನಾಲ್ಕು ಸಲ 5 ಟಿಕ್, ಒಂದು ಸಲ 4 ಟಿಕ್. ಸರಾಸರಿ ಸರಿ, ಅಂಚುಗಳು ಓಲಾಡ್ತವೆ. ಕೌಂಟರ್ ನೋಡೋದು ಸರಾಸರಿಯನ್ನೇ.

ಎಂಟರಪ್ಪ: 8 ಮೆಗಾಹರ್ಟ್ಸ್ ಇಡಿ. 48/8 = 6, ಕಥೆ ಮುಗೀತು.

ಬೆಸುಗೆಕಡ್ಡಿ: ಮುಗಿಯಲ್ಲ. ಹೋಗೋದು 2 ಮೆಗಾಹರ್ಟ್ಸ್ ಅಂತರದ ಸ್ಪರ್ (ಪಕ್ಕದಲ್ಲಿ ಏಳುವ ಬೇಡದ ಸಿಗ್ನಲ್) ಮಾತ್ರ. ಆ 48 ಸ್ವತಃ 1 ಪಿಪಿಎಂ (ಹತ್ತು ಲಕ್ಷಕ್ಕೆ ಒಂದು) ತಪ್ಪಿದ್ದರೂ ಸೆಕೆಂಡಿಗೆ 48 ಸಲ ಒಂದೊಂದು ಟಿಕ್ ಸೇರಿಸಿ ಇಲ್ಲಾ ಬಿಟ್ಟು ಸರಿದೂಗಿಸುತ್ತೆ. ಒಂದು ಟಿಕ್ 20.8 ನ್ಯಾನೋಸೆಕೆಂಡ್, 144ರಲ್ಲಿ ಪೂರಾ 3 ಸೈಕಲ್. ಕರಕರ ಅದೇ.

ಎಂಟರಪ್ಪ: ನನ್ನ 8ರಲ್ಲಿ 7 ಮೆಗಾಹರ್ಟ್ಸ್ ಬ್ಯಾಂಡ್ ಬೆಣ್ಣೆ.

ಬೆಸುಗೆಕಡ್ಡಿ: 7ರಲ್ಲಿ ಆ ಜಿಗಿತ ಸೈಕಲ್‌ನ ಏಳನೇ ಒಂದು ಭಾಗ, ಕಿವಿಗೆ ಸಿಗೋದು ಕಷ್ಟ. ಹೊಸತಂತಿ, ಮಾಡ್ಯೂಲ್‌ನ ಟೈಮ್‌ಪಲ್ಸ್ ಔಟ್‌ಪುಟ್ 10 ಕಿಲೋಹರ್ಟ್ಸ್, 50% ಡ್ಯೂಟಿ ಇಡಿ. ಬೇರೆ 10 ಮೆಗಾಹರ್ಟ್ಸ್ ಒಸಿಎಕ್ಸ್‌ಒ (ಬಿಸಿಪೆಟ್ಟಿಗೆಯೊಳಗಿನ ಸ್ಥಿರ ಕ್ರಿಸ್ಟಲ್ ಆಸಿಲೇಟರ್) ತಗೊಳ್ಳಿ, ಎಸ್‌ಐ5351ಗೆ ಹೋಗೋದು ಇದೇ. ಇದನ್ನು ಎರಡು 74ಎಚ್‌ಸಿ390 ಭಾಗಿಸುವ ಚಿಪ್‌ನಲ್ಲಿ 1000ದಿಂದ ಭಾಗಿಸಿ, ಕೊನೆಗೆ 2ರಿಂದ ಭಾಗಿಸುವ ಹಂತ ಬರಲಿ, ಸಮ ಅಲೆ ಸಿಗುತ್ತೆ. ಎರಡೂ 10 ಕಿಲೋಹರ್ಟ್ಸ್ ಅನ್ನು 74ಎಚ್‌ಸಿ86ಕ್ಕೆ (ಅವುಗಳ ಹಂತ ಹೋಲಿಸುವ ಗೇಟ್ ಚಿಪ್) ಕೊಡಿ. ಅದರಿಂದ 1 ಮೆಗಾಓಮ್, 10 ಮೈಕ್ರೋಫ್ಯಾರಡ್ ಫಿಲ್ಟರ್ ದಾಟಿ ಒಸಿಎಕ್ಸ್‌ಒದ ಕಂಟ್ರೋಲ್ ಪಿನ್‌ಗೆ, ಜಿಗಿತ ಸವೆದು ಅದು ನಿಧಾನಕ್ಕೆ ಜಿಪಿಎಸ್‌ಗೆ ಹೊಂದುತ್ತೆ. ಕೆಪಾಸಿಟರ್ ಫಿಲ್ಮ್‌ದೇ ಇರಲಿ. ಎಲೆಕ್ಟ್ರೋಲಿಟಿಕ್ ಸೋರಿದರೆ 1 ಮೆಗಾಓಮ್ ಮೇಲೆ ವೋಲ್ಟೇಜ್ ಕುಸಿಯುತ್ತೆ. ಪಿನ್‌ನ ಒಳರೋಧ ಕಮ್ಮಿಯಿದ್ದರೆ ಮಧ್ಯೆ ಆಪ್‌ಆಂಪ್ ಬಫರ್ ಹಾಕಿ.

ರುಬಿಡಿಯಂರಾಜ: ಇಷ್ಟೆಲ್ಲ ಯಾಕೆ? ನನ್ನ ಟೇಬಲ್ ಮೇಲೆ ರುಬಿಡಿಯಂ ಪರಮಾಣು ಗಡಿಯಾರ ಎರಡು, ಜೊತೆಗೆ ವಿತರಣೆಗೆ ಎಂಟು ಪೋರ್ಟ್ ಆಂಪ್ಲಿಫೈಯರ್...

ಆಂಟೆನಾಪ್ರಿಯ: ಅದಕ್ಕೆ ಯಾವ ಕೇಬಲ್?

ಹೊಸತಂತಿ: ಕಟ್ಟಿದೆ. ರಾತ್ರಿ ಟೋನ್ ಸೀಟಿ ಹೊಡೆದ ಹಾಗಿತ್ತು. ಬೆಳಿಗ್ಗೆ ಸ್ವಿಚ್ ಹಾಕಿದರೆ ಕಂಟ್ರೋಲ್ ವೋಲ್ಟೇಜ್ ಅರ್ಧ ಸಪ್ಲೈಯಲ್ಲಿ ಕೂತಿದೆ, ಲಾಕ್ ಇಲ್ಲ, ಒಸಿಎಕ್ಸ್‌ಒ ಜಿಪಿಎಸ್ ಹಿಂದೆ ಹೋಗ್ತಿಲ್ಲ. ಮಾಡ್ಯೂಲ್ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿನುಗ್ತಿದೆ.

ಬೆಸುಗೆಕಡ್ಡಿ: ಸೆಟ್ಟಿಂಗ್ ಅಳಿಸಿ 1 ಹರ್ಟ್ಸ್‌ಗೆ ವಾಪಸಾಗಿದೆ. ಸೇವ್ ಮಾಡಿದ್ರಾ? ಮಾಡಿದ್ದರೆ ಬ್ಯಾಕಪ್ ಬ್ಯಾಟರಿ ಅಳೆಯಿರಿ, ಕರೆಂಟ್ ಹೋದಾಗ ಸೆಟ್ಟಿಂಗ್ ಕಾಯೋದು ಅದೇ.

ಹೊಸತಂತಿ: 0.4 ವೋಲ್ಟ್.