ದೂರದ ಮರಗಳು ಎಚಿಂಗ್‌ನಲ್ಲಿ ತಿಳಿಯಾಗುವುದು ಹೇಗೆ?

ಪ್ರಶ್ನೆ, ಧಾರವಾಡದಿಂದ: ಕೆಲಗೇರಿ ಕೆರೆಯ ಸಂಜೆಯನ್ನು ತಾಮ್ರದ ತಗಡಿನ ಮೇಲೆ ಎಚಿಂಗ್ (ಮೇಣ ಬಳಿದ ತಗಡಿನಲ್ಲಿ ಗೆರೆ ಗೀರಿ, ಆಮ್ಲದಿಂದ ಕೊರೆದು, ಶಾಯಿ ತುಂಬಿ ಅಚ್ಚು ತೆಗೆಯುವ ಕಲೆ) ಮಾಡಿದೆ, ಆಚೆ ದಡದ ಮರಗಳೂ ಕಾಲಬುಡದ ಹುಲ್ಲಿನಷ್ಟೇ ಕಪ್ಪಾಗಿ ಅಚ್ಚಾದವು. ನಿಸರ್ಗಚಿತ್ರಗಳ ಫ್ರೆಂಚ್ ಕಲಾವಿದ ಕ್ಲಾಡ್ ಲೊರೇನ್ ಅವರ 1636ರ ದನಗಾಹಿಯ ಚಿತ್ರದಲ್ಲಿರುವಂತಹ ದೂರ ನನಗೇಕೆ ದಕ್ಕಲಿಲ್ಲ?

ಮೊದಲ ಉತ್ತರ: ತಗಡನ್ನು ಆಮ್ಲದಲ್ಲಿ ಒಮ್ಮೆಲೇ ಬಿಡಬೇಡಿ. ಸ್ವಲ್ಪ ಹೊತ್ತು ಅದ್ದಿ ತೆಗೆದು, ದೂರದ ಗೆರೆಗಳನ್ನು ಆಮ್ಲ ತಾಗದಂತೆ ವಾರ್ನಿಶ್‌ನಿಂದ ಮುಚ್ಚಿ ಮತ್ತೆ ಅದ್ದಿದರೆ, ತೆರೆದಿರುವ ಗೆರೆಗಳಷ್ಟೇ ಆಳವಾಗಿ, ಹೆಚ್ಚು ಶಾಯಿ ಹಿಡಿದು ಕಪ್ಪಾಗಿ ಮೂಡುತ್ತವೆ. ಆಮ್ಲದ ಹೊಗೆ ಹೊರಹೋಗಲು ಕೋಣೆಯ ಕಿಟಕಿ ಮಾತ್ರ ತೆರೆದಿರಲಿ.

ಎರಡನೆಯ ಉತ್ತರ: ರೋಮ್‌ನಲ್ಲಿ ನೆಲೆಸಿದ್ದ ಲೊರೇನ್, ಸುತ್ತಲಿನ ಕಂಪಾನ್ಯಾ ಬಯಲಿನಲ್ಲಿ ಬೆಳಗು-ಬೈಗಿನ ಬೆಳಕನ್ನು ನೋಡಿ ನೋಡಿ ಕಲಿತವರು. ಪಾಳುಬಿದ್ದ ಕಮಾನು, ಮೇಯುವ ದನ, ಮಬ್ಬಿನಲ್ಲಿ ಕರಗುವ ಗುಡ್ಡ ಇವೆಲ್ಲ ಒಂದೇ ನೋಟಕ್ಕೆ ಸಿಗುವ ಆ ನೆಲ ಉತ್ತರ ಯುರೋಪಿನ ಕಲಾವಿದರನ್ನು ಬಹುಕಾಲ ಸೆಳೆಯಿತು. ನೀವೂ ಕೆರೆಯ ದಂಡೆಯಲ್ಲಿ ಹೆಚ್ಚು ಹೊತ್ತು ಕುಳಿತು ನೋಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಹೊಸ ತಗಡಿಗೆ ಮೇಣ ಬಳಿದಿದ್ದೇನೆ.