‘ನ್ಯಾಷನಲ್ ರೆಸ್ಟೋರೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕ್ರೈಸ್ತ ವಿಚಾರಗಳಿಗೆ ಒಂದು ಸಣ್ಣ ಕನ್ನಡ ಪದಕೋಶ ಮಾಡುತ್ತಿದ್ದೇನೆ. ಚರ್ಚಿಗೆ ಹೋಗುವವರಿಗೂ ಹೋಗದವರಿಗೂ ಅದು ತಿಳಿಯಬೇಕು ಅನ್ನೋದು ಆಸೆ. ‘ನ್ಯಾಷನಲ್ ರೆಸ್ಟೋರೇಷನ್ ಆಫ್ ದ ಜ್ಯೂಸ್’ ಎಂಬಲ್ಲಿ ಕೆಲಸ ನಿಂತಿದೆ. ಚದುರಿಹೋದ ಯೆಹೂದ್ಯರನ್ನು ದೇವರು ಮತ್ತೆ ಅವರ ನಾಡಿಗೆ ಕರೆತಂದು ನೆಲೆಗೊಳಿಸುತ್ತಾನೆ ಎಂದು ಬೈಬಲಿನ ಪ್ರವಾದಿಗಳು ಹೇಳಿದ್ದಾರೆ. ಆ ಮಾತು ಯೆಹೂದ್ಯರ ವಿಷಯದಲ್ಲೇ, ಅಕ್ಷರಶಃ ನೆರವೇರಬೇಕು ಎಂದು ನಂಬುವ ಕ್ರೈಸ್ತರಿದ್ದಾರೆ. ಆ ನಂಬಿಕೆಯನ್ನು ಹೇಳುವಾಗ ಬರುವ ಮಾತು ಇದು.

‘ಪುನಃಸ್ಥಾಪನೆ’ ಎಂದು ಸುಮ್ನೆ ಬರೆದುಬಿಡಬಹುದು. ಆದರೆ ಸ್ಥಾಪನೆ ಅಂದ ಕೂಡಲೇ ಸಂಸ್ಥೆಯೋ ಸರ್ಕಾರವೋ ಕಣ್ಣಿಗೆ ಬರುತ್ತದೆ, ಜನ ಮರೆಯಾಗುತ್ತಾರೆ. ‘ಪುನರ್ವಸತಿ’ ಅಂದರೆ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟವರ ನೆನಪು. ‘ಜೀರ್ಣೋದ್ಧಾರ’ ಗುಡಿಗೆ ಸಲ್ಲುವ ಮಾತು. ‘ಪುನರುತ್ಥಾನ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಕನ್ನಡ ಕ್ರೈಸ್ತರಿಗೆ ಅದು ಸತ್ತವರು ಎದ್ದುಬರುವುದಕ್ಕೇ ಮೀಸಲು. ಇಲ್ಲಿ ಹಳೆಯ ಜಗಳವೊಂದಿದೆ. ಬೈಬಲಿನ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 37ನೇ ಅಧ್ಯಾಯದಲ್ಲಿ ಕಣಿವೆ ತುಂಬ ಒಣ ಎಲುಬುಗಳು ಜೀವ ತಳೆದು ನಿಲ್ಲುತ್ತವೆ. ಈ ಎಲುಬುಗಳು ಇಸ್ರಾಯೇಲಿನ ಮನೆತನದವರೆಲ್ಲ ಎಂದು ಆ ಅಧ್ಯಾಯವೇ ಹೇಳುತ್ತದೆ. ಆದರೂ ಆದಿಕಾಲದ ಕ್ರೈಸ್ತ ಲೇಖಕ, ಕಾರ್ಥೇಜಿನ ತೆರ್ತುಲಿಯನ್, ಇದನ್ನು ಯೆಹೂದ್ಯರು ಮರಳಿ ಏಳುವುದಕ್ಕಷ್ಟೇ ಸೀಮಿತ ಮಾಡಬೇಡಿ, ಇದು ದೇಹದ ಪುನರುತ್ಥಾನಕ್ಕೂ ಆಧಾರ ಎಂದು ವಾದಿಸಿದ್ದ. ನಾವು ಇಲ್ಲಿ ‘ಪುನರುತ್ಥಾನ’ ಹಾಕಿದರೆ, ಗೊತ್ತಿಲ್ಲದೆ ಆ ವಾದವನ್ನೂ ಒಳಗೆ ಬಿಟ್ಟಂತೆ.

ನನಗೆ ಜಾಸ್ತಿ ಇಷ್ಟವಾಗಿರುವುದು ‘ತಿರುಗು’ ಎಂಬ ನಮ್ಮದೇ ಮಾತು. ಹೀಬ್ರೂವಿನ ‘ಶೂವ್’ ಎಂಬ ಧಾತುವಿಗೆ ಎರಡು ಅರ್ಥ. ಬಿಟ್ಟ ಜಾಗಕ್ಕೆ ಮರಳುವುದು ಒಂದು. ತಪ್ಪು ಬಿಟ್ಟು ದೇವರ ಕಡೆಗೆ ಬರುವುದು ಇನ್ನೊಂದು. ಕನ್ನಡ ಬೈಬಲಿನ ‘ತಿರಿಗಿ ಬರಮಾಡು’, ‘ನನ್ನ ಕಡೆಗೆ ತಿರುಗಿಕೊಳ್ಳಿರಿ’ ಎರಡರಲ್ಲೂ ಇರುವುದು ಇದೇ ಧಾತು. ಇಂಗ್ಲಿಷಿನ ರೆಸ್ಟೋರೇಷನ್‌ನಲ್ಲಿ ಈ ಎರಡನೇ ಅರ್ಥ ಎದ್ದು ಕಾಣುವುದಿಲ್ಲ.

ಇದು ಬರೀ ಪದದ ಚೆಂದದ ಮಾತಲ್ಲ. ಮೊದಲು ಯಾವುದು, ನಾಡಿಗೆ ತಿರುಗುವುದೋ ದೇವರಿಗೆ ತಿರುಗುವುದೋ ಎಂಬುದೇ ದೊಡ್ಡ ಚರ್ಚೆ. ಬೈಬಲಿನ ಧರ್ಮೋಪದೇಶಕಾಂಡದ 30ನೇ ಅಧ್ಯಾಯದಲ್ಲಿ ಜನ ಮೊದಲು ಮನಸ್ಸು ತಿರುಗಿಸುತ್ತಾರೆ, ಆಮೇಲೆ ದೇವರು ಅವರನ್ನು ಕೂಡಿಸುತ್ತಾನೆ. ಯೆಹೆಜ್ಕೇಲನ 36ರಲ್ಲಿ ಮೊದಲು ನಾಡಿಗೆ ಕರೆತರುತ್ತಾನೆ, ಹೊಸ ಹೃದಯ ಕೊಡುವುದು ಆಮೇಲೆ. 19ನೇ ಶತಮಾನದ ಕ್ರೈಸ್ತ ಬೋಧಕ ಜಾನ್ ನೆಲ್ಸನ್ ಡಾರ್ಬಿಯ ಜಾಡಿನಲ್ಲಿ ಬಂದವರು, 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿ ಓದಿ ಬೆಳೆದವರು, ಸಾಮಾನ್ಯವಾಗಿ ಎರಡನೆಯದನ್ನು ಹಿಡಿಯುತ್ತಾರೆ. ಯೆಹೂದ್ಯರು ಕ್ರಿಸ್ತನನ್ನು ನಂಬದೆಯೇ ಮೊದಲು ನಾಡು ಸೇರುತ್ತಾರೆ ಎನ್ನುತ್ತಾರೆ. ಮೂರನೆಯವರ ಪ್ರಕಾರ ಇದೆಲ್ಲ ಕ್ರಿಸ್ತಪೂರ್ವ 538ರ ಸುಮಾರಿಗೆ ಪರ್ಷಿಯದ ಅರಸ ಕೋರೆಷ ಬಾಬೆಲಿನಲ್ಲಿ ಸೆರೆಯಲ್ಲಿದ್ದ ಯೆಹೂದ್ಯರನ್ನು ಊರಿಗೆ ಕಳಿಸಿದಾಗಲೇ ಆಗಿಹೋಯಿತು, ಉಳಿದದ್ದು ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಸಲ್ಲುತ್ತದೆ. ಈ ಮೂವರ ಮಾತನ್ನೂ ಬರೆಯಲು ಆಗುವಂಥ ಪದ ಬೇಕು.

ಈಗ ‘ನ್ಯಾಷನಲ್’. ಇದೇ ನನ್ನ ನಿಜವಾದ ಕಷ್ಟ. ‘ರಾಷ್ಟ್ರೀಯ’ ಎಂದು ಬರೆಯುವುದು ರೂಢಿ. ಬರೆಯಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 1621ರಲ್ಲಿ ಇಂಗ್ಲೆಂಡಿನ ವಕೀಲ ಸರ್ ಹೆನ್ರಿ ಫಿಂಚ್ ಯೆಹೂದ್ಯರ ಈ ಮರಳುವಿಕೆಯ ಬಗ್ಗೆ ಪುಸ್ತಕ ಬರೆದರು. ಯೆಹೂದ್ಯರು ಕ್ರಿಸ್ತನನ್ನು ಒಪ್ಪಿ ನಾಡಿಗೆ ಮರಳುತ್ತಾರೆ, ಲೋಕದ ಅರಸರು ಅವರಿಗೆ ತಲೆಬಾಗುತ್ತಾರೆ ಎಂದರು. ದೊರೆ ಒಂದನೇ ಜೇಮ್ಸ್‌ಗೆ ಸಿಟ್ಟು ಬಂದು ಫಿಂಚ್ ಸೆರೆಮನೆ ಸೇರಿದರು. ಅಲ್ಲಿ ‘ರಾಷ್ಟ್ರ’ ಎಂದು ಬರೆದರೆ, 1948ರ ಮೇ 14ರಂದು ಘೋಷಣೆಯಾದ ಇಸ್ರೇಲ್ ದೇಶವನ್ನು 1621ರ ಬಾಯಿಗೆ ತುರುಕಿದಂತೆ ಆಗುತ್ತದೆ. ಬೈಬಲಿನ ಕನ್ನಡದಲ್ಲಿ ‘ಜನಾಂಗ’ ಇದೆಯಲ್ಲ, ಅದು ಸಾಕು. ಹೌದು, ಎಲ್ಲ ಕಡೆಯೂ ಅದು ಹೊಂದುವುದಿಲ್ಲ. 1891ರಲ್ಲಿ ಅಮೆರಿಕದ ವಿಲಿಯಂ ಬ್ಲ್ಯಾಕ್‌ಸ್ಟೋನ್ 400ಕ್ಕೂ ಹೆಚ್ಚು ಜನರ ಸಹಿ ಹಾಕಿಸಿ ಅಧ್ಯಕ್ಷ ಹ್ಯಾರಿಸನ್‌ಗೆ ಮನವಿ ಕೊಟ್ಟರು. ಪ್ಯಾಲೆಸ್ಟೈನನ್ನು ಯೆಹೂದ್ಯರಿಗೆ ಮತ್ತೆ ಯಾಕೆ ಕೊಡಬಾರದು ಎಂದು ಅದರಲ್ಲಿ ಕೇಳಿದ್ದರು. ಅದು ನೇರ ರಾಜಕೀಯದ ಮಾತು. ಅಲ್ಲಿ ‘ದೇಶ’ ಎನ್ನಬಹುದು.

ಜನಾಂಗ ಬೇರೆ, ದೇಶ ಬೇರೆ ಎಂಬುದನ್ನು ಕೆಲವು ಸಭೆಗಳು ಬಹಳ ಎಚ್ಚರದಿಂದ ಕಾಪಾಡಿಕೊಂಡಿವೆ. ಯೆಹೂದ್ಯರೊಂದಿಗೆ ದೇವರ ಒಡಂಬಡಿಕೆ ಮುರಿದಿಲ್ಲ ಎಂದು ಕಥೋಲಿಕ ಸಭೆ ಈಗ ಕಲಿಸುತ್ತದೆ. ಆದರೆ ಇಸ್ರೇಲ್ ದೇಶವನ್ನು ಧರ್ಮದ ಕಣ್ಣಿನಿಂದಲ್ಲ, ಅಂತರರಾಷ್ಟ್ರೀಯ ಕಾನೂನಿನ ತತ್ವಗಳಿಂದ ನೋಡಬೇಕು ಎಂದು ವ್ಯಾಟಿಕನ್ 1985ರಲ್ಲಿ ಬರೆಯಿತು. 2006ರಲ್ಲಿ ಜೆರುಸಲೇಮಿನ ನಾಲ್ಕು ಸಭೆಗಳ ಮುಖ್ಯಸ್ಥರು ಕ್ರೈಸ್ತ ಝಿಯೋನಿಸಂ ಅನ್ನು (ಯೆಹೂದ್ಯರು ಆ ನಾಡಿಗೆ ಮರಳುವುದು ದೇವರ ಯೋಜನೆ ಎಂದು ಬೆಂಬಲಿಸುವ ಕ್ರೈಸ್ತ ನಿಲುವನ್ನು) ಸಾರಾಸಗಟಾಗಿ ತಳ್ಳಿಹಾಕಿದರು. 1948ರಲ್ಲಿ ಹೊಸ ಇಸ್ರೇಲ್ ದೇಶದಲ್ಲಿ ಇಕ್ರಿತ್, ಬಿರಿಮ್ ಎಂಬ ಕ್ರೈಸ್ತ ಹಳ್ಳಿಗಳ ಅರಬ್ ಜನರನ್ನೇ ಊರು ಬಿಡಿಸಲಾಯಿತು. ಅವರೂ ಇದೇ ಪ್ರವಾದಿಗಳನ್ನು ಓದುವವರು. ‘ಪುನರುದ್ಧಾರ’ ಎಂಬಂಥ, ಒಳ್ಳೆಯದಾಯಿತು ಎಂದು ಮೊದಲೇ ತೀರ್ಪು ಕೊಡುವ ಪದ ಇದಕ್ಕೇ ನನಗೆ ಬೇಡ.

ಅಂದ ಹಾಗೆ, ಝಿಯೋನಿಸಂ ಬಗ್ಗೆ ಒಂದು ಮಾತು. ಆ ಪದ ಬಂದಿರುವುದು ಜೆರುಸಲೇಮಿನ ಒಂದು ಬೆಟ್ಟದ ಹೆಸರಿನಿಂದ. ಕನ್ನಡ ಬೈಬಲಿನಲ್ಲಿ ಆ ಬೆಟ್ಟದ ಹೆಸರು ‘ಚೀಯೋನ್’. ಪೇಪರಿನಲ್ಲಿ ಬರುವ ಪದಕ್ಕೂ ಕೀರ್ತನೆಗಳ ಪದಕ್ಕೂ ನಂಟಿದೆ ಅಂತ ಓದುಗರಿಗೆ ಹೊಳೆಯುವುದೇ ಇಲ್ಲ. ಎರಡನ್ನೂ ಅಕ್ಕಪಕ್ಕ ಕೊಡುವುದು ಒಳ್ಳೆಯದು, ಅಲ್ವಾ?

‘ಪ್ರಾಫೆಸಿ’ಗೆ ‘ಪ್ರವಾದನೆ’ಯನ್ನೇ ಇಟ್ಟುಕೊಂಡಿದ್ದೇನೆ. ಸ್ನೇಹಿತರೊಬ್ಬರು ‘ಕಾಲಜ್ಞಾನ’ ಅಂದರು. ಅದಕ್ಕೆ ವಚನಕಾರರ ಕಾಲದ ನಂತರದ ದೊಡ್ಡ ಪರಂಪರೆಯೇ ಇದೆ, ಮೈಲಾರದ ಕಾರ್ಣಿಕವೂ ಇದೆ. ಆದರೆ ಬೈಬಲಿನ ಪ್ರವಾದಿಗಳಾದ ಯೆರೆಮೀಯ, ಆಮೋಸರು ಮುಂದಾಗುವುದನ್ನು ಹೇಳಿದ್ದಕ್ಕಿಂತ ತಮ್ಮ ಜನರನ್ನು ಬೈದು ಬುದ್ಧಿ ಹೇಳಿದ್ದೇ ಹೆಚ್ಚು.

ಇನ್ನು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು 1:6. ಇಸ್ರಾಯೇಲಿಗೆ ರಾಜ್ಯವನ್ನು ಈಗಲೇ ಮರಳಿ ಕೊಡುತ್ತೀಯಾ ಎಂದು ಶಿಷ್ಯರು ಯೇಸುವನ್ನು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಎಷ್ಟು ಪದಗಳಿವೆಯೋ ಅಷ್ಟು ತಪ್ಪುಗಳಿವೆ ಎಂದ 16ನೇ ಶತಮಾನದ ಸುಧಾರಕ ಕ್ಯಾಲ್ವಿನ್. ಯೇಸು ಇಲ್ಲ ಅನ್ನಲಿಲ್ಲವಲ್ಲ, ಕಾಲವನ್ನು ಮಾತ್ರ ಹೇಳಲಿಲ್ಲ ಎನ್ನುತ್ತಾರೆ ಎದುರು ಪಕ್ಷದವರು. ಅಲ್ಲಿನ ‘ರಾಜ್ಯ’ ಇವತ್ತಿನ ಓದುಗರಿಗೆ ರಾಜ್ಯ ಸರ್ಕಾರದ ರಾಜ್ಯವಾಗಿ ಕೇಳಿಸುತ್ತದೆಯೇ? ‘ಅರಸೊತ್ತಿಗೆ’ ವಾಸಿಯೇ?

ಸದ್ಯಕ್ಕೆ ‘ಯೆಹೂದ್ಯ ಜನಾಂಗದ ಮರಳಿ ನೆಲೆಗೊಳ್ಳುವಿಕೆ’ ಎಂದು ಬರೆದಿದ್ದೇನೆ. ಉದ್ದವಾಯಿತು, ‘ತಿರುಗು’ ಕೂಡ ತಪ್ಪಿಹೋಯಿತು. ‘ಜನಾಂಗದ ಹಿಂದಿರುಗುವಿಕೆ’ ಅಂದರೆ ದೇವರ ಕೈ ಕಾಣುವುದಿಲ್ಲ, ಜನ ತಾವೇ ನಡೆದು ಬಂದಂತೆ ಆಗುತ್ತದೆ. ಮಂಗಳೂರು, ಧಾರವಾಡ, ಬಳ್ಳಾರಿ ಕಡೆಯ ಸಭೆಗಳಲ್ಲಿ ಈ ವಿಷಯದ ಪ್ರಸಂಗ ಕೇಳಿದವರು, ಸಭಾಪಾಲಕರು ಬಳಸಿದ ಮಾತನ್ನು ಹಾಗೇ ಬರೆದು ಕಳಿಸಿ. 19ನೇ ಶತಮಾನದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಮಾಡಿದ ಅನುವಾದದ ಹಳೆ ಪ್ರತಿ ಯಾರ ಹತ್ತಿರವಾದರೂ ಇದ್ದರೆ, ಜನರನ್ನು ನಾಡಿಗೆ ಮರಳಿಸುವ ಮಾತಿರುವ ಯೆರೆಮೀಯ 30:3ರಲ್ಲಿ ಏನಿದೆ ನೋಡಿ ತಿಳಿಸುವಿರಾ?