ಪದಚರ್ಚೆ: ಅಣುಗಳು ತಾವೇ ಸೇರುವುದಕ್ಕೆ ‘ಜೋಡಣೆ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೇ,

ಜೀವಕೋಶದ ರಸಾಯನವನ್ನು ಕುರಿತ ಭಿತ್ತಿಪಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಅಮೈನೋ ಆಮ್ಲಗಳು ಒಂದಕ್ಕೊಂದು ಬೆಸೆದು ಪ್ರೋಟೀನಿನ ಸರಪಳಿಯಾಗುವುದಕ್ಕೂ, ಫಾಸ್ಫೋಲಿಪಿಡ್ ಅಣುಗಳು (ನೀರಿಗೆ ಒಗ್ಗುವ ತಲೆ, ಎಣ್ಣೆಯಂಥ ಬಾಲಗಳುಳ್ಳ ಕೊಬ್ಬಿನ ಅಣುಗಳು) ನೀರಿನಲ್ಲಿ ಎರಡು ಪದರವಾಗಿ ನಿಂತು ಕೋಶಪೊರೆಯಾಗುವುದಕ್ಕೂ ಇಂಗ್ಲಿಷ್ ಮೂಲದಲ್ಲಿ ‘ಅಸೆಂಬ್ಲಿ’ ಎಂಬ ಒಂದೇ ಪದವಿದೆ. ಎರಡನೆಯದರ ಹಿಂದೆ ಮಾತ್ರ ‘ಸೆಲ್ಫ್’ ಸೇರಿದೆ. ನಾನು ಕ್ರಮವಾಗಿ ‘ಜೋಡಣೆ’, ‘ಸ್ವಯಂಜೋಡಣೆ’ ಎಂದು ಬರೆದಿದ್ದೇನೆ. ಆದರೆ ಎರಡನೆಯದನ್ನು ಓದಿದಾಗಲೆಲ್ಲ ಯಾರೋ ಕುಳಿತು ತಿರುಪು ಬಿಗಿಯುತ್ತಿರುವ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಬೇರೆ ಪದವಿದ್ದರೆ ದಯವಿಟ್ಟು ಸೂಚಿಸಿ. ಫಾಸ್ಫೋಲಿಪಿಡ್‌ನ ಬಾಲಗಳನ್ನು ‘ಜಲದ್ವೇಷಿ’ ಎಂದಿರುವುದು ಸರಿಯೇ ಎಂಬುದನ್ನೂ ತಿಳಿಸಬೇಕು.

ಉತ್ತರ 1

‘ಸ್ವಯಂಜೋಡಣೆ’ ಅರಿಸಮಾಸ, ಅಂದರೆ ಸಂಸ್ಕೃತ ಮತ್ತು ಕನ್ನಡ ಪದಗಳ ಬೆರಕೆ. ‘ಸ್ವಯಂಸಂಯೋಜನೆ’ ಎಂದು ಬರೆಯಿರಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಉತ್ತರ 2

ಚರ್ಚಿಸಬೇಕಾದದ್ದು ಇದೆ. ‘ಮಳೆಗಾಲ’ವನ್ನು ಒಪ್ಪಿಕೊಂಡ ಭಾಷೆಗೆ ಅರಿಸಮಾಸದ ಹೆದರಿಕೆ ಬೇಕಿಲ್ಲ, ನನ್ನ ಆಕ್ಷೇಪ ಕ್ರಿಯಾಪದದ ಮೇಲೆ. ‘ಜೋಡಣೆ’ಯ ಹಿಂದೆ ‘ಜೋಡಿಸು’ ಇದೆ, ‘ಸಂಯೋಜನೆ’ಯ ಹಿಂದೆ ‘ಸಂಯೋಜಿಸು’ ಇದೆ. ಎರಡೂ ಸಕರ್ಮಕ, ಎರಡಕ್ಕೂ ಮಾಡುವವನೊಬ್ಬ ಬೇಕು. ಅವನನ್ನು ಕರೆತಂದು, ಆಮೇಲೆ ‘ಸ್ವಯಂ’ ಎಂದು ಹೇಳಿ ಹೊರಗೆ ಕಳಿಸುವ ಕಷ್ಟ ಕನ್ನಡಕ್ಕಿಲ್ಲ, ಏಕೆಂದರೆ ನಮ್ಮಲ್ಲಿ ‘ಕೂಡಿಸು’ ಬೇರೆ, ‘ಕೂಡು’ ಬೇರೆ. ಪ್ರೋಟೀನಿನ ಸರಪಳಿಗೆ ‘ಜೋಡಣೆ’ ಇರಲಿ: ಅಲ್ಲಿ ಕೋಶದೊಳಗಿನ ರೈಬೋಸೋಮ್ ಎಂಬ ಕರ್ತೃವಿದೆ, ಅದು ಆರ್‌ಎನ್‌ಎಯ ಸಂದೇಶವನ್ನು ಓದಿಕೊಂಡು, ಶಕ್ತಿಯನ್ನು ವ್ಯಯಿಸಿ, ಒಂದೊಂದೇ ಅಮೈನೋ ಆಮ್ಲವನ್ನು ಬೆಸೆಯುತ್ತದೆ. ಪೊರೆಗೆ ‘ಒಗ್ಗೂಡಿಕೆ’ ಸಾಕು.

‘ತಾನೇ’ ಎಂಬ ಅಂಶವನ್ನು ಬಿಟ್ಟದ್ದು ಲೋಪವೆಂದು ಯಾರಾದರೂ ಹೇಳುವ ಮೊದಲು ನೀರಿನ ಪಾತ್ರವನ್ನು ನೋಡಬೇಕು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಎಣ್ಣೆಯ ಸ್ವಭಾವದ ಬಾಲವೊಂದು ನಡುವೆ ಬಂದರೆ ಅದನ್ನು ಸುತ್ತುವರಿದ ನೀರು ಆ ಬಂಧಗಳನ್ನು ಉಳಿಸಿಕೊಳ್ಳಲು ಕಟ್ಟುನಿಟ್ಟಾದ ವಿನ್ಯಾಸಕ್ಕೆ ಸಿಕ್ಕಿಬೀಳುತ್ತದೆ; ಬಾಲಗಳು ಒಟ್ಟಿಗೆ ಸೇರಿದಾಗ ಅಷ್ಟು ನೀರು ಬಿಡುಗಡೆಯಾಗುತ್ತದೆ, ಬಾಲಗಳನ್ನು ಒಟ್ಟಿಗೆ ತಳ್ಳುವುದು ಇದೇ. ತಟ್ಟೆಯ ನೀರಿನ ಮೇಲೆ ಎರಡು ಎಣ್ಣೆಹನಿ ಹತ್ತಿರ ಬಂದು ತಟ್ಟನೆ ಒಂದಾಗುವುದರಲ್ಲಿಯೂ ನೀರಿನದೇ ಈ ಒತ್ತಾಯವಿದೆ. ಹಾಗಿರುವಾಗ ‘ಸ್ವಯಂ’ ಎನ್ನುವುದು ಬಾಲಗಳಿಗೆ ಸಲ್ಲದ ಹೊಗಳಿಕೆ, ‘ಜಲದ್ವೇಷಿ’ ಎನ್ನುವುದು ಸಲ್ಲದ ದೂರು. ಬಾಲಕ್ಕೂ ನೀರಿಗೂ ನಡುವೆ ಅಲ್ಪ ಆಕರ್ಷಣೆಯೇ ಇದೆ, ದ್ವೇಷವಿಲ್ಲ. ‘ನೀರಿಗೆ ಬೆರೆಯದ ಬಾಲ’ ಎನ್ನಿ.

‘ಒಗ್ಗೂಡಿಕೆ’ ಪೊರೆಗಷ್ಟೇ ಅಲ್ಲ, ವೈರಸ್ಸಿಗೂ ಒದಗುತ್ತದೆ. 1955ರಲ್ಲಿ ಫ್ರೆಂಕೆಲ್-ಕೊನ್ರಾಟ್ ಮತ್ತು ವಿಲಿಯಮ್ಸ್ ಅವರು ತಂಬಾಕಿನ ಮೊಸಾಯಿಕ್ ವೈರಸ್ಸಿನ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರೆಬೇರೆಯಾಗಿ ಶುದ್ಧಗೊಳಿಸಿ ಮತ್ತೆ ಬೆರೆಸಿದಾಗ, ಸೋಂಕು ತರಬಲ್ಲ ಕಡ್ಡಿಯಾಕಾರದ ವೈರಸ್ ಮರಳಿ ರೂಪುಗೊಂಡಿತು. ಆ ಕಡ್ಡಿಯ ಉದ್ದ ಸುಮಾರು 300 ನ್ಯಾನೋಮೀಟರ್. ಅದರಲ್ಲಿ 2,100ಕ್ಕೂ ಹೆಚ್ಚು ಪ್ರೋಟೀನ್ ಘಟಕಗಳು ಆರ್‌ಎನ್‌ಎಯ ಸುತ್ತ ಸುರುಳಿಯಾಗಿ ಕೂಡಿರುತ್ತವೆ. ಅವರು ಬೆರೆಸಿದರು, ಅವು ಕೂಡಿದವು. ಈ ಎರಡು ಕ್ರಿಯಾಪದಗಳ ಅಂತರವನ್ನು ನಿಮ್ಮ ಭಿತ್ತಿಪಟ ಕಳೆದುಕೊಳ್ಳಬಾರದು.

ಉತ್ತರ 3

‘ಒಗ್ಗೂಡಿಕೆ’ ಒಪ್ಪಿಗೆ. ಆದರೆ ಇಷ್ಟು ಸೂಕ್ಷ್ಮ ನೋಡುವವರು ‘ಪ್ರೋಟೀನ್’ ಎಂಬ ಎರವಲನ್ನು ಹೇಗೆ ಸಹಿಸುತ್ತೀರಿ? ‘ಸಸಾರಜನಕ’ ಎಂಬ ಪದವನ್ನು ಒಂದು ತಲೆಮಾರು ಓದಿ ಬೆಳೆದಿದೆ. ಎರವಲು ಪದಗಳಿಂದ ಮಕ್ಕಳಿಗೆ ಬಾಯಿಪಾಠ ಬರುತ್ತದೆಯೇ ಹೊರತು ಅರ್ಥ ಬರುವುದಿಲ್ಲ.

ಉತ್ತರ 4 (ಉತ್ತರ 2ರವರಿಂದ)

ಒಪ್ಪುವುದಿಲ್ಲ. ‘ಸಸಾರಜನಕ’ ಎಂದರೆ ಸಾರಜನಕವುಳ್ಳದ್ದು ಎಂದಷ್ಟೇ ಅರ್ಥ. ಡಿಎನ್‌ಎಯಲ್ಲೂ ಸಾರಜನಕವಿದೆ, ಆದ್ದರಿಂದ ಆ ಹೆಸರು ಪ್ರೋಟೀನನ್ನು ಗುರುತಿಸಿಕೊಡುವುದಿಲ್ಲ. ಅರ್ಥ ಹೊತ್ತ ಪದ ಒಮ್ಮೊಮ್ಮೆ ತಪ್ಪನ್ನೂ ಹೊತ್ತು ತರುತ್ತದೆ. ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರಲೇಬೇಕೆಂದು ರಸಾಯನವಿಜ್ಞಾನಿ ಲಾವೋಸಿಯೇ ನಂಬಿದ್ದರಿಂದ ಬಂದ ಹೆಸರನ್ನು ನಾವು ‘ಆಮ್ಲಜನಕ’ ಎಂದು ಅರ್ಥಸಹಿತ ಕನ್ನಡಕ್ಕೆ ತಂದೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ವಸ್ತುವಿನ ಹೆಸರನ್ನು ಎರವಲು ತರಬಹುದು. ನಡೆಯುವ ಕ್ರಿಯೆಗೆ ನಮ್ಮಲ್ಲೇ ಸರಿಯಾದ ಕ್ರಿಯಾಪದವಿರುವಾಗ ಅದನ್ನು ಬಿಡುವುದೇ ನನಗೆ ನೋವಿನ ಸಂಗತಿ.

ಪ್ರಶ್ನಿಸಿದವರಿಂದ

ಎಲ್ಲರಿಗೂ ವಂದನೆಗಳು. ಪ್ರೋಟೀನ್ ಚಿತ್ರದ ಕೆಳಗೆ ‘ರೈಬೋಸೋಮ್ ಅಮೈನೋ ಆಮ್ಲಗಳನ್ನು ಜೋಡಿಸುತ್ತದೆ’ ಎಂದೂ, ಪೊರೆಯ ಚಿತ್ರದ ಕೆಳಗೆ ‘ನೀರಿಗೆ ಬೆರೆಯದ ಬಾಲಗಳು ಒಳಮುಖವಾಗಿ, ಫಾಸ್ಫೋಲಿಪಿಡ್‌ಗಳು ಎರಡು ಪದರವಾಗಿ ಒಗ್ಗೂಡುತ್ತವೆ’ ಎಂದೂ ತಿದ್ದಿದ್ದೇನೆ. ‘ಪ್ರೋಟೀನ್’ ಹಾಗೆಯೇ ಉಳಿದಿದೆ.